ಹನ್ನೊಂದರ ವೀಸಿ

ಸಾಹೇಬರು ಬರೂದು ಹನ್ನೊಂದಕ್ಕ.
ನಾನು ಒಂಬತ್ತೂವರಿಗೆ ಬಂದು ಹಾಲಿನ ಬೀಗ ತಗದು
ಮೊದಲು ಟಿವಿ ಮಾರಿ ಒರಸ್ತೀನಿ, ಆಮ್ಯಾಲೆ ನಂದು.

ರಿಮೋಟಿನ ಸೆಲ್ಲು ಹೊರಗ ತಗದು ಅಂಗೈಯಾಗ ತಿಕ್ಕಿ
ಮತ್ತ ಹಾಕಬೇಕು. ಹೊಸಾ ಸೆಲ್ಲಿಗೆ ಇಂಡೆಂಟ್ ಬರದು
ಎರಡು ತಿಂಗಳಾತು, ಫೈಲು ಮ್ಯಾಲಿನ ಮಾಳಿಗ್ಯಾಗ ಐತಿ.
ಕೇಬಲ್ಲಿನ ಕುತಗಿಗೆ ಯಾರದೋ ಲಗ್ನಪತ್ರಿಕಿ ಮಡಚಿ ತುರುಕೀನಿ,
ಬೆಟಗೇರಿ ಪ್ರೆಸ್ಸಿನ ದಪ್ಪ ಕಾಗದ.
ಅದು ಸಡಲಾತಂದ್ರ ಇಡೀ ಗದಗ ಜಿಲ್ಲೆ ನೀಲಿ ಆಗ್ತೈತಿ.

ಆಮ್ಯಾಲೆ ಒಂದೊಂದ ಊರು ಕರೀತೀನಿ.
ರೋಣ ಬಂತು. ಶಿರಹಟ್ಟಿ ಬಂತು, ತೆಲಿ ಕೆಳಗಾಗಿ.
“ದಾವಲಸಾಬ, ಕ್ಯಾಮೆರಾ ಉಲ್ಟಾ ಐತೋ.”
“ನಮ್ಮ ಆಫೀಸ ಹಂಗ ಐತ್ರೀ ಅಕ್ಕಾರ.”
ಲಕ್ಷ್ಮೇಶ್ವರಕ್ಕ ಬಾಯಿ ಐತಿ, ದನಿ ಇಲ್ಲ.
ನರಗುಂದಕ್ಕ ದನಿ ಐತಿ, ಮಾರಿ ಕತ್ತಲಿ.
ಮುಂಡರಗಿ ಸುತ್ತತೈತಿ ಸುತ್ತತೈತಿ
ಗಾಣದ ಎತ್ತಿನಂಗ.

ಗಜೇಂದ್ರಗಡ ಎಲ್ಲಾರಕಿಂತ ಮೊದಲ ಬಂದು ಕುಂತಿರತಿತ್ತು.
ರೇಣವ್ವ ಮ್ಯಾಗೇರಿ.
ಆಕೀನ ಎದಿಮಟ ಕಂಡೀನಿ, ಕಾಲು ಕಂಡಿಲ್ಲ.
ಉದ್ದಕ್ಕ ಇದ್ದಾಳೋ ಗಿಡ್ಡಕ್ಕ ಇದ್ದಾಳೋ ದೇವರಿಗೇ ಗೊತ್ತು.
ಮೂರು ವರ್ಷ, ವಾರಕ್ಕ ಎರಡು ಸಲ, ಅರ್ಧರ್ಧ ತಾಸು
ಟೆಸ್ಟಿಂಗ್ ಅನ್ನೂ ಹೆಸರಿನ್ಯಾಗ ಮಾತಾಡೀವಿ.
“ಒಂದು ಎರಡು ಮೂರು, ಕೇಳಸ್ತೈತೇನ?”
“ಕೇಳಸ್ತೈತಿ. ನಾಕು ಐದು. ಹುಡುಗನ ಜ್ವರ ಇಳೀತೇನ?”
“ಆರು ಏಳು. ಇಳೀತು. ನಿನ್ನ ಪಗಾರ ಆತೇನ?”
“ಎಂಟು.”

ಎಕೋ ಹಿಡಿಯೂದು ಕಲಿಸಿದಾಕೀನೂ ಆಕೀನ.
ನಮ್ಮ ದನಿ ನಮಗ ತಿರಗಿ ಬಂದ್ರ ತಪ್ಪು ನಮ್ಮದಲ್ಲ,
ಆ ಕಡೆ ಯಾರದೋ ಮೈಕು ಸ್ಪೀಕರಿನ ಮಗ್ಗಲಕ್ಕ ಕುಂತಿರತೈತಿ.
ಒಂದೊಂದ ಊರಿನ ಬಾಯಿ ಮುಚ್ಚಿಕೋತ ಹೋಗು.
ಯಾವ ಊರು ಮುಚ್ಚಿದಾಗ ನೀ ನಿನಗ ಕೇಳಸೂದು ನಿಲ್ತೀಯೋ
ಅಲ್ಲೈತಿ ದೋಷ.

ಇನ್ನೊಂದು ಕಲಿಸಿದ್ಲು. ರಿಮೋಟಿನ ಮೂಲ್ಯಾಗ ಸವದ ಗುಂಡಿ,
ಅದನ್ನ ಒತ್ತಿದ್ರ ಆ ಊರಿನ ಕ್ಯಾಮೆರಾ ಈ ಊರಿಂದ ತಿರಗತೈತಿ.
“ಈಗ ನಾಕನೇ ನಂಬರ್ ಒತ್ತು,” ಅಂದ್ಲು.
ಗಜೇಂದ್ರಗಡದ ಕ್ಯಾಮೆರಾ ಗೋಣು ಎತ್ತಿ
ದೊಡ್ಡ ಕುರ್ಚಿ ದಾಟಿ, ಕಬ್ಬಿಣದ ಬೀರು ದಾಟಿ
ಕಿಡಕಿಗೆ ಹೋಗಿ ನಿಂತಿತು.
ಗುಡ್ಡದ ಮ್ಯಾಲ ಗಾಳಿಕಂಬ, ಮೂರು ರೆಕ್ಕಿ,
ಯಾರ ಅವಸರಾನೂ ಇಲ್ಲದ ತಿರಗತಿತ್ತು.
“ಮೀಟಿಂಗಿನ್ಯಾಗ ಎಲ್ಲಾರೂ ಬೊಂಬಿ ಆಗಿ ಕುಂತಾಗ
ನೆಟ್ ನಿಂತೈತೋ, ಮಂದಿ ನಿಂತಾರೋ ತಿಳಿಯೂದಿಲ್ಲ.
ಇದನ್ನ ನೋಡು. ರೆಕ್ಕಿ ತಿರಗತಿದ್ರ ಲೈನ್ ಐತಿ.”

ಏಪ್ರಿಲ್ ಒಂದಕ್ಕ ಏಜೆನ್ಸಿ ಬದಲಾತು.
ಆ ಚೌಕಟ್ಟಿನ್ಯಾಗ ಹೊಸಾ ಹುಡುಗ,
ಕಾಲರಿನ ಗುಂಡಿಮಟ ಹಾಕ್ಕೊಂಡಾವ.
“ಒಂದು ಎರಡು ಮೂರು,” ಅಂದೆ ನಾನು.
“ಓಕೆ ಮೇಡಂ, ಆಡಿಯೋ ಕ್ಲಿಯರ್,” ಅಂದ.
ನಾಕು ಅನ್ನಲಿಲ್ಲ.
ರೇಣವ್ವನ ಫೋನ್ ನಂಬರ್ ನನ್ನ ಕಡೆ ಇರಲಿಲ್ಲ.
ಬೇಕಾಗಿದ್ದಿಲ್ಲ ಎಂದೂ.

ಇವತ್ತು ಸಾಹೇಬರು ಬಂದದ್ದು ಹನ್ನೊಂದೂ ಮುಕ್ಕಾಲಕ್ಕ.
“ನರೇಗಾ ಪ್ರಗತಿ ಯಾಕ ಕುಂಟತೈತಿ? ಹೇಳ್ರಿ.”
ಆರು ಚೌಕಟ್ಟು, ಆರು ಕಲ್ಲು.
ರೋಣದ ಕೈಯಾಗಿನ ಪೆನ್ನು ಸುದ್ದಾ ಅಲ್ಲಾಡವಲ್ದು.
“ಏನಮ್ಮಾ, ಹ್ಯಾಂಗ್ ಆತೇನು?”

ನಾನು ಮೂಲಿ ಗುಂಡಿ ಒತ್ತಿ, ನಾಕು ಒತ್ತಿದೆ.
ಎಲ್ಲಾರ ಎದುರಿಗೆ ಗಜೇಂದ್ರಗಡದ ಕ್ಯಾಮೆರಾ
ಅಧಿಕಾರಿಗಳ ಮಾರಿ ಬಿಟ್ಟು ಸರೀತು,
ಕುರ್ಚಿ, ಬೀರು, ಕಿಡಕಿ.
ಹುಡುಗ ಅಳಿಸಿರಲಿಲ್ಲ.
ಒಂದು ರೆಕ್ಕಿ ಬಂತು, ಹೋತು. ಇನ್ನೊಂದು.

“ಲೈನ್ ಐತ್ರೀ ಸರ್.”
“ಮತ್ತ ಯಾಕ ಯಾರೂ ಮಾತಾಡವಲ್ರು?”

ಎಂಟು, ಅಂತ ನಾಲಿಗಿ ತುದಿಗೆ ಬಂದಿತ್ತು.
ರಿಮೋಟಿನ ಸೆಲ್ಲು ತಗದು
ಅಂಗೈಯಾಗ ತಿಕ್ಕೋತ ನಿಂತೆ.