ಮೂರು ತಿಂಗಳ ದೊರಿ

ಬೀದರಿನ ಅಕ್ಕಸಾಲಿ ಮಾದೋಜ, ತನ್ನ ಮಗನಿಗೆ

ದೀಪ ಸಣ್ಣ ಮಾಡು, ಬಾಗಿಲಾ ಮುಂದ ಮಾಡು.
ಈ ಮಾತು ನಾ ಒರೆಗಲ್ಲಿಗೂ ಹೇಳಿಲ್ಲ.

ಭೀಮಾ ದಂಡಿಯಿಂದ ಬರ್ತಿದ್ವು ಅವು,
ನೇಗಿಲ ಕುಳಕ್ಕ ಸಿಕ್ಕ ಗಡಿಗಿ ಒಡದು,
ಹೆಣ್ಮಕ್ಕಳ ಸೆರಗಿನ ಗಂಟಿನಾಗ
ಅಡಕಿ ಚೂರಿನ ಜೋಡಿ.
ಒಂದೊಂದರ ಮ್ಯಾಲ ಒಂದೊಂದು ತಲಿ.
ಎಲ್ಲಾರೂ ಒಂದೇ ಕಡೆ ನೋಡೋರು,
ಯಾರೋ ಕರದಂಗ.
ಯಾವ ದೇಶದ ದೊರಿಗಳೋ, ಯಾರಿಗ್ಗೊತ್ತು?
ನಮಗ ತೂಕ ಗೊತ್ತಿತ್ತು.
ಮೂಸಿಯೊಳಗಿಟ್ಟು ಊದಿದ್ರ
ಮೊದಲ ಮೂಗು ಹೋಗತದ,
ಆಮ್ಯಾಲ ತಲಿಗಿ ಸುತ್ತಿದ ಎಲಿ,
ಕಡೀಕ ಕುತ್ತಿಗಿ.
ಆಮ್ಯಾಲ ಬರೇ ಬೆಳಕು.

ಹಿಂಗ ನಲವತ್ತು ದೊರಿಗಳು
ಬುಗುಡಿ ಆದ್ರು, ಮೂಗ್ಬಟ್ಟು ಆದ್ರು.

ಕುದುರಿ ಹಡಗು ಬಂದ ವರ್ಷ
ಹುರ್ಮುಜಿನ ಲುತ್ಫುಲ್ಲಾ ನಮ್ಮ ಕಟ್ಟಿ ಮ್ಯಾಲ ಕುಂತ.
“ಬಂಗಾರ ಬ್ಯಾಡ ಮಾದೋಜಾ, ಮುಖ ಬೇಕು.”
ನಾ ನಕ್ಕೆ. ಮುಖ ಯಾವ ತಕ್ಕಡ್ಯಾಗ ತೂಗಲಿ?
ಅಂವ ನಗಲಿಲ್ಲ.
ಕಡಲಾಚಿ, ಹಡಗಿನ ಮ್ಯಾಲ ಹಡಗು ಬದಲಿಸಿ ಹೋದ್ರ
ಫರಂಗಿ ದೊರಿಗಳಿದ್ದಾರಂತ.
ಅವರ ಮನ್ಯಾಗ ಕರೀ ಮರದ ಪೆಟಗಿ,
ಪೆಟಗ್ಯಾಗ ಹಲಗಿ, ಹಲಗ್ಯಾಗ ದುಂಡನ ಗೂಡು,
ಗೂಡಿಗೊಬ್ಬ ಸತ್ತ ದೊರಿ.
ತನ್ನ ಕಡೆ ಇಲ್ಲದ ತಲಿ ಮಗ್ಗಲ ರಾಜ್ಯದವನ ಕಡೆ ಇದ್ರ
ರಾತ್ರಿ ನಿದ್ದಿ ಹತ್ತಂಗಿಲ್ಲಂತ.
ಒಂದು ತಲಿಗಿ ಒಂದು ಹಳ್ಳಿ ಬರದು ಕೊಟ್ಟಾನ ಒಬ್ಬ.
ಇನ್ನೊಬ್ಬ ಸೊಸಿ ಬಳುವಳ್ಯಾಗ ಆರು ತಲಿ ಕೇಳ್ಯಾನ.

“ನನ್ನ ಕೊಳ್ಳಾಂವನ ಪೆಟಗ್ಯಾಗ ಒಂದು ಗೂಡು ಖಾಲಿ ಅದ.
ಮೂರೇ ತಿಂಗಳು ಆಳಿದಾಂವ. ದಪ್ಪ ಕುತ್ತಿಗಿ,
ಕೂದಲ ಸಾಲುಸಾಲು, ಹೊಲ ಬಿತ್ತಿದಂಗ.
ಸಿಕ್ಕರ ಒಂದು ಕುದುರಿ.”

ತಮ್ಮಾ, ನನ್ನ ಕೈ ತಣ್ಣಗಾದ್ವು.
ಅಂವನ್ನ ನಾ ಬಲ್ಲೆ.
ಹೋದ ತಿಂಗಳಷ್ಟ ಚಿಮಟದಾಗ ಹಿಡದಿದ್ದೆ.
ಮಾಳವ್ವನ ಮಗಳ ತಾಳಿ ಆಗಿ
ಸೇಡಂ ಕಡಿ ಗಂಡನ ಮನಿಗಿ ಹೋಗಿದ್ದ.

ಇಲ್ಲ ಅನ್ನಬಹುದಿತ್ತು.
“ಎಂಟು ದಿನ ಬಿಟ್ಟು ಬಾ” ಅಂದೆ.

ಅಚ್ಚು ಕೊರ್ಯಾಕ ಕುಂತೆ. ಕುತ್ತಿಗಿ ಬಂತು, ಕೂದಲ ಬಂತು.
ಅಕ್ಷರ ಓದಾಕ ಬರ್ತಿರಲಿಲ್ಲ,
ಬೆಲ್ಲದ ಸುತ್ತ ಇರಿವಿ ಬಿಟ್ಟಂಗ ಬಿಟ್ಟೆ.
ಮುಖಕ್ಕ ಬಂದಾಗ ಉಳಿ ನಿಂತಿತು.
ಕರಗೋ ಮುಖ ನೆನಪಿತ್ತು, ಇದ್ದ ಮುಖ ನೆನಪಿರಲಿಲ್ಲ.
ಮೂರನೇ ರಾತ್ರಿ ಕೈ ತಾನೇ ನಡೀತು:
ಬಾಗಿದ ಮೂಗು, ಜೋತ ಕಿವಿ,
ಕೊಳವಿ ಊದಿ ಊದಿ ಉಬ್ಬಿದ ಗಲ್ಲ.
ನಿಮ್ಮಜ್ಜ.
ಕಿಲ್ಲೇದ ಬಾಗಿಲ ಮುಂದ ತಲಿ ಎತ್ತಿ ನಡೀದಾಂವ.

ನಿಮ್ಮವ್ವ ಅದನ್ನ ಹುರುಳಿ ಚೀಲದಾಗ ಹಾಕಿ
ಮೂರು ದಿನ ತೂಗಿದ್ಲು, ಕೂಸು ತೂಗಿದಂಗ,
ಸಾವಿರ ವರ್ಷ ಸವೀಲಿ ಅಂತ.

ಲುತ್ಫುಲ್ಲಾ ಕಿಡಕಿ ಬೆಳಕಿಗಿ ಹಿಡಿದು ನೋಡಿದ.
ಹೊಳ್ಳಿ ನನ್ನ ನೋಡಿದ.
ನನ್ನ ಮೂಗು ನೋಡಿದ.
ಏನೂ ಅನ್ನಲಿಲ್ಲ.
ಗುಲಗಂಜಿ ತೂಕ ಕಡಿಮಿ ಇತ್ತು, ಅದೂ ಕೇಳಲಿಲ್ಲ.
ಕುದುರಿ ಹಗ್ಗ ಕೈಗಿ ಕೊಟ್ಟು ಹೋದ.
ಅಂಗಳ ದಾಟೋ ಮುಂದ ಗೊತ್ತಾತು, ಹಿಂದಿನ ಕಾಲು ಕುಂಟು.

ಈಗ ಆ ಗೂಡಿನಾಗ ಮಖಮಲ್ಲಿನ ಮ್ಯಾಲ ನಿಮ್ಮಜ್ಜ ಅದಾನ.
ಫರಂಗಿ ದೊರಿ ಬಂದವರಿಗೆಲ್ಲ ತೋರಸ್ತಿರಬೇಕು,
ದೀಪ ಹಿಡಿದು, ಉಸರು ಬಿಗಿ ಹಿಡಿದು.
ಸೇಡಂ ಕಡಿ ಮಾಳವ್ವನ ಮಗಳು
ಬೆವತ ಕುತ್ತಿಗಿ ಮ್ಯಾಲಿನ ತಾಳಿ ಹಿಂದಕ್ಕ ಸರಿಸಿ
ರೊಟ್ಟಿ ಬಡೀತಿರಬೇಕು.

ಕುದುರಿ? ಮಳಿಗಾಲ ದಾಟಲಿಲ್ಲ.
ಲಾಳ ನಾಕೂ ಅದಾವ, ಆ ಮೂಲ್ಯಾಗ ನೋಡು.