ರಾಣಿ ಛಾಪಿನ ಸಾಮಾನು

ಬುಡನಸಾಬನ ಗುಜರಿಗೆ ಹೋಗೂದಂದ್ರ
ನನಗ ತವರಿಗೆ ಹೋದಂಗ.
ಹಳೇಹುಬ್ಬಳ್ಳಿ ಸಂದ್ಯಾಗ, ಮುರಕಾ ಕೂಲರ್‌ಗಳ ಹಿಂದ,
ರೈಲ್ವೆ ಸಾಹೇಬರ ಬಂಗಲೆ ಒಡೆದಾಗ ಬಂದದ್ದನ್ನ
ಗೋಣಿತಾಟಿನ ಕೆಳಗ ಮುಚ್ಚಿ ಇಟ್ಟಿರ್ತಾನ.
"ಅಕ್ಕಾರ, ನಿಮಗಂತನ ತಗದಿಟ್ಟೀನ್ರಿ" ಅಂತಾನ.
ಎಲ್ಲಾರಿಗೂ ಹಂಗ ಅಂತಾನ. ಗೊತ್ತೈತಿ.

ಹಂಗಾಗಿ ಕೇಶ್ವಾಪುರದ ನಮ್ಮ ಎರಡು ಖೋಲಿ ಬಾಡಿಗಿ ಮನ್ಯಾಗ
ಸಿಂಹದ ಪಾದದ ಟೀಪಾಯಿ ಐತಿ,
ಒಂದು ಪಾದ ಇಲ್ಲ, ಕರೆಂಟ್ ಬಿಲ್ಲು ಮಡಚಿ ತುರುಕೀನಿ.
ಗುಲಾಬಿ ಬಣ್ಣದ ದೀಪದ ಗಾಜು ಐತಿ, ದೀಪ ಇಲ್ಲ.
ನೀಲಿ ಗಿಡ, ನೀಲಿ ಸಂಕ, ನೀಲಿ ಹಕ್ಕಿ ಎರಡು
ಬರದ ಪರಾತದಂಥ ಪಿಂಗಾಣಿ ತಾಟು,
ಯಾವ ದೊರಸಾನಿ ಅದರಾಗ ಏನು ಬಡಿಸಿದ್ಲೋ,
ನಾವು ಐತವಾರ ಗಿರಮಿಟ್ ಕಲಸ್ತೀವಿ,
ತಳದಾಗಿನ ಹಕ್ಕಿ ಕಾಣೋತನಕಾ ತಿಂತೀವಿ.

ಮೀನು ಕೊಯ್ಯೋ ಚಾಕು ಒಂದು, ಹಿಡಿ ದಂತದ್ದಂತ.
ದಂತ ಅಲ್ಲ, ಎಲುಬು ಅಂತಾರ ಮನಿಯವರು, ಮೂಗು ಹಿಡಕೊಂಡು.
ಮೀನಾ ಕಂಡಿಲ್ಲದ ಮನ್ಯಾಗ ಅದು
ಧಾರವಾಡ ಫೇಡೆ ಎರಡು ಹೋಳು ಮಾಡತೈತಿ.
ಅವರಿಗೆ ಸಕ್ಕರಿ ಬ್ಯಾನಿ, ಅರ್ಧನ ಕೊಡೂದು.
"ಇದು ಮನಿಯೋ, ಸತ್ತ ಸಾಹೇಬರ ಅಡವಿನ ಅಂಗಡಿಯೋ?"
ದಿನಾ ಕೇಳತಾರ.
ಗ್ವಾಡಿ ಗಡಿಯಾರಕ್ಕ ಕೀಲಿ ಮಾತ್ರ ತಾವ ಕೊಡ್ತಾರ,
ಯಾರಿಗೂ ಮುಟ್ಟಗೊಡೂದಿಲ್ಲ.

ನಾ ಸಣ್ಣಾಕಿದ್ದಾಗ ಗೊತ್ತಿದ್ದ ಇಕ್ಟೋರಿಯಾ ರಾಣಿ ಒಬ್ಬಾಕಿನ,
ಅಜ್ಜಿ ಕೊರಳಾಗಿನ ಬೆಳ್ಳಿ ರೂಪಾಯಿ ಮ್ಯಾಲಿನಾಕಿ.
ಅಣ್ಣಿಗೇರ್ಯಾಗ ಒಳ್ಳಿನ ಮುಂದ ಅಜ್ಜಿ ಬಗ್ಗಿದಾಗೊಮ್ಮೆ
ರಾಣಿ ಹಸಿಖಾರದಾಗ ಮಾರಿ ಅದ್ದಿ ಏಳತಿದ್ಲು.

ಹೋದ ಶ್ರಾವಣದಾಗ ಬುಡನಸಾಬ ಒಂದು ಡಬ್ಬಿ ತಗದ.
ಒಳಗೊಂದು ಬಿಲ್ಲೆ, ಹುಣಸಿಬೀಜಕ್ಕಿಂತ ಚೂರು ದೊಡ್ಡದು,
ಕರೀ ಅಂಚು, ನಡಕ ಗಾಜು, ಗಾಜಿನ ಕೆಳಗ
ಜೇನಿನ ಬಣ್ಣದ ಎಳಿ, ಒತ್ತೊತ್ತಾಗಿ ಹೆಣೆದದ್ದು.
"ಕಸೂತಿ ರೀ ಅಕ್ಕಾರ, ವಿಲಾಯತಿ ಕಸೂತಿ."
ನಾನೂ ನಂಬಿದೆ. ಇಳಕಲ್ ಸೀರಿ ಮ್ಯಾಲೆ ಗೋಪುರ, ಆನಿ
ಹೊಲದ ಕೈ ನಂದು, ಎಳಿ ಲೆಕ್ಕ ಹಾಕಾಕ ಕುಂತೆ.
ಎಲ್ಲೂ ಗಂಟ ಸಿಗಲಿಲ್ಲ.
ಹಿಂದ ೧೮೭೧ ಅಂತ ಇಸವಿ. ಹೆಸರು ತಿಕ್ಕಿ ತಿಕ್ಕಿ ಸಾಪಾಗಿತ್ತು.

ಮಿಶನ್ ಸಾಲಿ ಸುವಾರ್ತಾ ಟೀಚರ್ ಚಸ್ಮಾ ಏರಿಸಿ ನೋಡಿ
ಮೆತ್ತಗ ಕೆಳಗಿಟ್ರು.
"ದಾರ ಅಲ್ಲವಾ ಇದು. ಕೂದಲಾ.
ಸತ್ತವರದು. ಹಂಗ ಇಟ್ಕೋತಿದ್ರು ಆಗ, ಎದಿ ಮ್ಯಾಲೆ."

ಆ ರಾತ್ರಿ ನಿದ್ದಿ ಹತ್ತಲಿಲ್ಲ.
ನಮ್ಮ ಕಡೆ ಕೂದಲಾ ನೆಲಕ್ಕ ಬಿದ್ರ ಜಗಳ.
ಅವ್ವ ಬಾಚಿದ್ದನ್ನ ಬೆರಳಿಗೆ ಸುತ್ತಿ, ಥೂ ಅಂದು,
ಬಚ್ಚಲ ಗ್ವಾಡಿ ಸಂದ್ಯಾಗ ತುರಕತಿದ್ಲು.
ತಿಂಗಳಿಗೊಮ್ಮೆ ಓಣ್ಯಾಗ ಕೂಗು:
"ಕೂದಲಿಗೆ ಪಿನ್ನಾ, ಕೂದಲಿಗೆ ಪುಗ್ಗಾ..."
ನಾ ಪುಗ್ಗಾಕ್ಕ ಅಳತಿದ್ದೆ. ಅವ್ವ ಪಿನ್ನ ತಗೋತಿದ್ಲು.
ಮಾರುದ್ದದ ಜಡಿ ಆಕಿದು. ಅಷ್ಟೂ
ಹಿಡಿ ಹಿಡಿ ಗ್ವಾಡಿಯಿಂದ ಹೊರಬಿದ್ದು
ಯಾವ ಊರಿನ ಚೌರಿ ಆತೋ,
ಯಾರ ಮದವ್ಯಾಗ ಮಲ್ಲಿಗಿ ಮುಡಕೊಂಡು ಕುಂತಿತ್ತೋ.
ಒಂದೆಳಿ ಇಟ್ಟಿಲ್ಲ ನಾವು.
ಫೋಟೋದಾಗೂ ಸೆರಗು ಹೊತ್ತಾಳ.

ಬಿಲ್ಲೆಯ ಕೊಂಡಿ ಮುರದಿತ್ತು.
ಮುಂಜಾನೆದ್ದು ಅವ್ವನ ಎಲಿಚಂಚಿ ಬಿಚ್ಚಿದೆ:
ಸುಣ್ಣ ಒಣಗಿದ ಡಬ್ಬಿ, ಅಡಿಕಿ ಪುಡಿ, ತಳದಾಗ
ಒಂದು ದೊಡ್ಡ ಪಿನ್ನಿಗೆ ಪೋಣಿಸಿದ ಹದಿಮೂರು ಸಣ್ಣವು.
ಜಂಗು ಹಿಡೀದ್ದು ಒಂದ.
ಅದನ್ನ ಹಾಕಿ ಬಿಲ್ಲೆ ಕಿಡಕಿ ಪರದೆಗೆ ಸಿಗಿಸೀನಿ.
ಗದಗ ಕಡೆ ಗಾಡಿ ಹೋದ್ರ
ಇಬ್ಬರೂ ಅಲಗಾಡತಾರ.

ಮೊನ್ನೆ ಬಾಜೂಮನಿ ಶಾಂಭವಿ, ಮದವಿಗೆ ಹೊಂಟಾಕಿ,
ಸೆರಗು ಹಿಡಕೊಂಡು ಬಾಗಲದಾಗ ನಿಂತ್ಲು:
"ಅಕ್ಕಾ, ಒಂದು ಪಿನ್ನ ಐತೇನ?"
ಇಲ್ಲ ಅಂದೆ.