ಕಡ್ಡಿ ಕಸಬರಿಗೆ, ಒಂದು

ನಗಬೇಡ ತಮ್ಮಾ, ಅದು ಗುಡಿಸುವುದಕ್ಕಲ್ಲ.
ಚಿತ್ತಾಕುಲದ ನನ್ನತ್ತೆ ತೆಂಗಿನ ಗರಿ ಸೀಳಿ
ಹೆರೆದು ಕಟ್ಟಿಕೊಟ್ಟದ್ದು. ಲಕ್ಷ ಲಕ್ಷದ ಯಂತ್ರಗಳ ಪಕ್ಕ
ಮೊಳೆಗೆ ತೂಗಿದ್ದೇನೆ, ದಾಸ್ತಾನು ಪುಸ್ತಕದಲ್ಲೂ ಇದೆ:
ಕಡ್ಡಿ ಕಸಬರಿಗೆ, ಒಂದು. ಬೆಲೆ ಸೊನ್ನೆ.
ಆಡಿಟ್ಟಿನವರು ವರ್ಷವೂ ಕೇಳುತ್ತಾರೆ,
ನಾನೂ ವರ್ಷವೂ ಹೇಳುತ್ತೇನೆ.

ಮೊದಲು ಆ ಕಬಡ್ಡಿ ಜರ್ಸಿ ಕಳಚಿ ಹತ್ತಿಯದು ಹಾಕಿಕೋ.
ಮಳೆಗಾಲದಲ್ಲಿ ಕಾರವಾರದ ಕಡಲೇ ನಮ್ಮ ಪರ,
ಗೋಡೆ ಬೆವರುತ್ತದೆ, ಡಬ್ಬಿಯ ಉಪ್ಪು ಕರಗುತ್ತದೆ,
ಕಿಡಿಗೆ ಹುಟ್ಟುವ ಉತ್ಸಾಹವಿಲ್ಲ.
ಈಗ ಪುಷ್ಯ. ಘಟ್ಟ ಇಳಿದ ಮೂಡಗಾಳಿಗೆ
ತುಟಿ ಒಡೆದು, ಬಾಚಿದರೆ ಕೂದಲು ಚಟಪಟ ಎನ್ನುತ್ತದೆ.
ಅಷ್ಟು ಸಾಕು ಇದಕ್ಕೆ.
ಅದಕ್ಕಿಂತ ಕಡಿಮೆಯೂ ಸಾಕು.

ನನ್ನಪ್ಪ ಪುರ್ಸು ತಾಂಡೇಲ ಬೈತಖೋಲದ
ಐಸ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ
ಬಂಗಡೆಗೂ ಸಿಗಡಿಗೂ ಚಳಿ ಪುಡಿ ಮಾಡಿದವನು.
ಚಳಿ ಎಂದರೆ ಅವನಿಗೆ ಬಿಳಿ, ಚಳಿ ಎಂದರೆ ತೂಕ,
ಗೋಣಿ ಹೊದಿಸಿ ಹೆಗಲಲ್ಲಿ ಹೊರುವ ವಸ್ತು.
ಅಮೋನಿಯಾ ಸೋರಿದರೆ ಮೂಗೇ ಕೂಗುತ್ತಿತ್ತು, ಓಡು ಎಂದು.
ಇಲ್ಲಿ ಮೂಗಿಗೆ ಸಂಬಳವಿಲ್ಲ.

ಸೊನ್ನೆಗಿಂತ ಇನ್ನೂರೈವತ್ಮೂರು ಕೆಳಗೆ, ಅಪ್ಪಾ, ಎಂದೆ.
ಬೀಡಿ ಆರಿಸಿದ. ತುಂಬ ಹೊತ್ತು ಸುಮ್ಮನಿದ್ದ.
ಹಾಗಾದರೆ ಅದರೊಳಗೆ ಗಾಳಿ ಸಿಕ್ಕಿಬಿದ್ದರೆ
ಗಾಳಿಯ ಗತಿ ಏನು ಮಗಾ?

ಎಂಟೆಸ್ಸಿ ಮಾಡಿದ ನೀನು ಕೇಳಲಿಲ್ಲ ನೋಡು.
ಗಾಳಿಯೇ ಕಲ್ಲಾಗುತ್ತದೆ.
ಬಿಳಿ ಹರಳಾಗಿ ಪಾತ್ರೆಯ ತಳದಲ್ಲಿ
ಗಷ್ಟಿನ ಹಾಗೆ ಕೂರುತ್ತದೆ. ಒಂದು ತಟ್ಟು, ಒಂದು ಕುಲುಕು,
ಮುಂದಿನದನ್ನು ಹೇಳಲು ಯಾರಾದರೂ ಉಳಿದಿರಬೇಕಲ್ಲ.
ಹೊದಿಕೆ ಹರಿದ ಪೈಪಿನಿಂದ ತೊಟ್ಟಿಕ್ಕುವುದೂ ಗಾಳಿಯೇ,
ಒರೆಸಲು ಹೋಗಬೇಡ, ಅದರಲ್ಲಿ ಆಮ್ಲಜನಕವೇ ಹೆಚ್ಚು,
ನೆಲದಲ್ಲೊಂದು ಎಣ್ಣೆಕಲೆ ಹುಡುಕುತ್ತಿರುತ್ತದೆ.
ಮತ್ತೆ ಆ ಕೊಳವೆಯ ಬಾಯಿ, ಅಲ್ಲಿ ಹಿಮ ಕಟ್ಟಿದೆಯೇ
ದಿನಾ ನೋಡು: ಒಂದು ಲೋಟ ದ್ರವ
ಎಂಟುನೂರೈವತ್ತು ಲೋಟವಾಗಿ ಏಳುತ್ತದೆ,
ದಾರಿ ಕೊಡದಿದ್ದರೆ ಮಾಡಿಕೊಳ್ಳುತ್ತದೆ.

ಹೋದ ವರ್ಷ, ಇದೇ ತಿಂಗಳು, ನಡುಮಧ್ಯಾಹ್ನ.
ಅಂಗಳದ ಕಡೆ ಸಣ್ಣದೊಂದು ಸಿಳ್ಳೆ,
ಕಾಳಿ ಸೇತುವೆಯ ರೈಲಿನದಲ್ಲ.
ನೆಲದ ಮೇಲೆ ಬಿಳಿ ಮಂಜು ತೆವಳಿತು. ಅದು ನಮ್ಮೂರ ಗಾಳಿಯ ತೇವ ಅಷ್ಟೆ,
ಬಿಳಿ ಮುಗಿದಲ್ಲಿಗೆ ಅದು ಮುಗಿಯುವುದಿಲ್ಲ.
ಮತ್ತೆ ಮಂಜೂ ಇಲ್ಲವಾಯಿತು. ಸಿಳ್ಳೆ ಮಾತ್ರ.
ಕವಾಟಕ್ಕೆ ಹದಿನಾಲ್ಕು ಹೆಜ್ಜೆ.
ಕಸಬರಿಗೆ ಮುಂದೆ ಚಾಚಿ ನಾನು ಹಿಂದೆ,
ಕುರುಡರು ಕೋಲು ಹಿಡಿದಂತೆ.

ಒಂಬತ್ತನೇ ಹೆಜ್ಜೆಗೆ
ಏನೂ ಇಲ್ಲದ ಬಿಸಿಲಲ್ಲಿ
ಕಡ್ಡಿಗಳ ತುದಿ ಹೊತ್ತಿಕೊಂಡವು.

ಆರಿಸಬೇಡ, ಉರಿಯಲಿ, ಎಂದು ಕೂಗಿದರು
ಡಾಕ್ಟರ್ ಶಶಿಪ್ರಭಾ ಕೊಠಾರಕರ, ಹಿಂಬದಿಯ ಕವಾಟ ತಿರುಗಿಸುತ್ತಾ.
ಆರಿಸಿದರೆ ಸೋರಿದ್ದೆಲ್ಲ ಒಟ್ಟಾಗಿ ಕೂರುತ್ತದೆ,
ಆಮೇಲೆ ಬರುವುದು ಬೆಂಕಿಯಲ್ಲ.
ಹನ್ನೊಂದು ನಿಮಿಷ ಉರಿಯಿತು, ಕಾಣದೆ.
ಆಚೆಯ ಗಾಳಿಮರ ಮಾತ್ರ
ನೀರೊಳಗಿಂದ ಕಂಡಂತೆ ನಡುಗುತ್ತಿತ್ತು.
ಎಲ್ಲ ಮುಗಿದ ಮೇಲೆ ತಣ್ಣನೆಯ ಕಬ್ಬಿಣದ ತಗಡಿನಲ್ಲಿ ನಾಲ್ಕು ಹನಿ.
ಜಲಜನಕ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಹೆಸರು,
ಅವತ್ತು ಬೆರಳಿಂದ ಮುಟ್ಟಿದೆ.

ಅತ್ತೆಯಲ್ಲಿ ಇನ್ನೊಂದು ಕೇಳಿದೆ.
ಇಷ್ಟು ಬೇಗ ಸವೆಯಿತೇ?
ಅಷ್ಟು ಕಸವೇ ನಿಮ್ಮಲ್ಲಿ?
ಹೌದತ್ತೇ, ಎಂದೆ.

ಹಿಡಿ. ತೋಳು ಚಾಚು.
ಇನ್ನೂ.